ಹಕ್ಕಿಜ್ವರದ ಲಸಿಕೆಗೆ ಫೆರೆಟ್ಟೇ ಯಾಕೆ, ಇಲಿ ಸಾಲದೇ?

ಲ್ಯಾಬಿನಲ್ಲಿ ಇಷ್ಟೊಂದು ಇಲಿ ಇರುವಾಗ ಫೆರೆಟ್ ಯಾಕೆ ಬೇಕು, ಅದು ಹಿಂಸೆ ಅಲ್ವಾ ಎಂದು ಕೇಳಿದ್ದೀರಿ. ನಾನು ಧಾರವಾಡದವನು, ಪುಣೆಯ ಒಂದು ಖಾಸಗಿ ಲ್ಯಾಬಿನಲ್ಲಿ ಒಂಬತ್ತು ವರ್ಷ ಪ್ರಾಣಿಗಳನ್ನು ನೋಡಿಕೊಂಡಿದ್ದೇನೆ. ಇಲಿ, ಮೊಲ, ಗಿನಿಪಿಗ್ ಅಷ್ಟೇ. ಫೆರೆಟ್ ನನ್ನ ಕೈಗೆ ಬಂದಿಲ್ಲ.

ಇಲಿಯ ತೊಂದರೆ ಏನೆಂದರೆ, ಮನುಷ್ಯರ ಫ್ಲೂ ಅದಕ್ಕೆ ಸುಲಭಕ್ಕೆ ಹತ್ತುವುದಿಲ್ಲ. ಎಷ್ಟೋ ಸಲ ವೈರಸ್ಸನ್ನು ಇಲಿಯಿಂದ ಇಲಿಗೆ ದಾಟಿಸಿ ಒಗ್ಗಿಸಬೇಕು. ಹತ್ತಿದರೂ ಸೀನುವುದಿಲ್ಲ. ಸುಮ್ನೆ ಮುದುರಿ ಕೂರುತ್ತದೆ, ತೂಕ ಇಳಿಯುತ್ತದೆ, ಜ್ವರ ಏರುವ ಬದಲು ಮೈ ತಣ್ಣಗಾಗುತ್ತದೆ. ಫೆರೆಟ್ ನೋಡಲು ನಮ್ಮ ಮುಂಗುಸಿಯ ಹಾಗಿದ್ದರೂ ನೀರುನಾಯಿಯ ಬಳಗದ್ದು. ಅದರ ಉಸಿರುನಾಳದಲ್ಲಿ ವೈರಸ್ ಅಂಟಿಕೊಳ್ಳುವ ಜಾಗ ಹೆಚ್ಚುಕಡಿಮೆ ನಮ್ಮಂತೆಯೇ ಇದೆ. ಜ್ವರ, ಸುರಿಯುವ ಮೂಗು, ಸೀನು ಎಲ್ಲವೂ ಬರುತ್ತದೆ. 1933ರಲ್ಲಿ ಲಂಡನ್ನಿನಲ್ಲಿ ಮನುಷ್ಯರ ಫ್ಲೂ ವೈರಸ್ ಮೊದಲು ಸಿಕ್ಕಿದ್ದೂ ಫೆರೆಟ್‌ನಿಂದಲೇ. ಆಮೇಲೊಮ್ಮೆ ಒಂದು ಫೆರೆಟ್ ಸಂಶೋಧಕರೊಬ್ಬರ ಮುಖಕ್ಕೇ ಸೀನಿ ಅವರನ್ನು ಮಲಗಿಸಿತು!

ಲಸಿಕೆಯಲ್ಲಿ ಅದರ ಕೆಲಸ ಬೇರೆ. ಹಕ್ಕಿಜ್ವರದ ಎಚ್5ಎನ್1 ವೈರಸ್ಸನ್ನು ಲಸಿಕೆಗಾಗಿ ಹಾಗೇ ಕೋಳಿಮೊಟ್ಟೆಯಲ್ಲಿ ಬೆಳೆಸಲು ಆಗುವುದಿಲ್ಲ, ಒಳಗಿನ ಮರಿಯೇ ಸಾಯುತ್ತದೆ. ಹಾಗಾಗಿ ಅದನ್ನು ಮಾರಕ ಮಾಡುವ ಒಂದು ತುಣುಕನ್ನು ಜೀನಿನಿಂದ ಕತ್ತರಿಸುತ್ತಾರೆ. ಎಂಟು ಜೀನುಗಳಲ್ಲಿ ಒಳಗಿನ ಆರನ್ನು 1934ರ ಪೋರ್ಟೊರಿಕೊದ ಹಳೆಯ ಫ್ಲೂ ವೈರಸ್ಸಿನಿಂದ ತೆಗೆದುಕೊಳ್ಳುತ್ತಾರೆ. ಹೀಗೆ ಮಾಡಿದ್ದು ನಿಜವಾಗಿ ಪಳಗಿದೆಯೇ? ಕಂಪನಿಗಳಿಗೆ ಕೊಡುವ ಮೊದಲು ಫೆರೆಟ್‌ನ ಮೂಗಿಗೆ ಹಾಕಿ ನೋಡುತ್ತಾರೆ. ತೂಕ, ಜ್ವರ ಅಳೆಯುತ್ತಾರೆ, ವೈರಸ್ ಮಿದುಳಿನವರೆಗೆ ಹೋಗಿದೆಯೇ ಎಂದು ಹುಡುಕುತ್ತಾರೆ. ಲಸಿಕೆ ಕಾರ್ಖಾನೆಯ ಕೆಲಸಗಾರರ ಜೀವ ಇದರ ಮೇಲೆ ನಿಂತಿದೆ. ಪುಣೆಯಲ್ಲಿದ್ದು ಇದನ್ನು ಹಗುರಾಗಿ ನೋಡಲು ನನ್ನಿಂದ ಆಗುವುದಿಲ್ಲ. 2009ರ ಆಗಸ್ಟ್‌ನಲ್ಲಿ ದೇಶದ ಮೊದಲ ಹಂದಿಜ್ವರದ ಸಾವು ಇಲ್ಲೇ ಆಗಿದ್ದು. ಮರುವರ್ಷ ಜುಲೈಯಲ್ಲಿ ಮೂಗಿಗೆ ಹಾಕುವ ಲಸಿಕೆ ಬಂದದ್ದೂ ಇದೇ ಊರಿನ ಸೀರಮ್ ಇನ್‌ಸ್ಟಿಟ್ಯೂಟ್‌ನಿಂದ.

ಆದರೆ ಫೆರೆಟ್ ಎಲ್ಲವನ್ನೂ ಹೇಳುವುದಿಲ್ಲ. ಮಾಮೂಲಿ ಫ್ಲೂ ಲಸಿಕೆಯಲ್ಲಿ ವೈರಸ್ಸಿನ ಒಂದು ತಳಿಗೆ 15 ಮೈಕ್ರೋಗ್ರಾಂ ವೈರಸ್ ಪ್ರೋಟೀನ್ ಸಾಕು. ಅಮೆರಿಕದಲ್ಲಿ 2007ರಲ್ಲಿ ಒಪ್ಪಿಗೆ ಪಡೆದ ಎಚ್5ಎನ್1 ಲಸಿಕೆಗೆ 90 ಮೈಕ್ರೋಗ್ರಾಂ, ಅದೂ ಎರಡು ಸಲ ಬೇಕಾಯಿತು. ಇದು ಗೊತ್ತಾಗಿದ್ದು ಮನುಷ್ಯರ ಮೇಲಿನ ಪರೀಕ್ಷೆಯಲ್ಲೇ.

ಹಿಂಸೆ ಹೌದು, ಅಲ್ಲ ಎನ್ನಲಾರೆ. ಇಲಿ ತೂಗುವಾಗಲೇ ನನಗೆ ಕೈ ಹಿಂಜರಿದ ದಿನಗಳಿವೆ. ಫೆರೆಟ್ ಕೋಣೆಯಲ್ಲಂತೂ ಕಾವಲು ಇನ್ನೂ ಜಾಸ್ತಿ. ನೆಗಡಿ ಆದವರನ್ನು ಒಳಗೆ ಬಿಡುವುದಿಲ್ಲ, ನಮ್ಮ ಫ್ಲೂ ಅದಕ್ಕೆ ಅಷ್ಟು ಬೇಗ ಹತ್ತುತ್ತದೆ.