ಓದುಗರ ಪ್ರಶ್ನೆ: ತಾಳಮದ್ದಳೆಗೆ ನಾಲ್ಕು ಟ್ರ್ಯಾಕಿನ ರೆಕಾರ್ಡರ್

ಪ್ರಶ್ನೆ: ನಮ್ಮ ಕಲಾಸಂಘಕ್ಕೆ ದಾನಿಗಳೊಬ್ಬರು ನಾಲ್ಕು ಮೈಕ್ ಜೋಡಿಸಬಹುದಾದ, ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾದ ಮಲ್ಟಿಟ್ರ್ಯಾಕ್ (ಪ್ರತಿ ಮೈಕಿನ ದನಿಯನ್ನು ಬೇರೆ ಬೇರೆಯಾಗಿ ದಾಖಲಿಸುವ) ರೆಕಾರ್ಡರ್ ಕೊಟ್ಟಿದ್ದಾರೆ. ಮಳೆಗಾಲದ ತಾಳಮದ್ದಳೆಗಳನ್ನು ದಾಖಲಿಸಿಡುವುದು ನಮ್ಮ ಉದ್ದೇಶ. ಮೊದಲ ಸಲ ಭಾಗವತರ ಏರುಪದ್ಯಗಳೆಲ್ಲ ಒಡೆದು ಕೇಳಿಸಿದವು. ಎರಡನೆಯ ಸಲ ಪ್ರಸಂಗ ಮುಗಿದ ಮೇಲೆ ನೋಡಿದರೆ ಏನೂ ದಾಖಲಾಗಿರಲಿಲ್ಲ. ತಪ್ಪಿದ್ದೆಲ್ಲಿ ಎಂದು ತಿಳಿಸುವಿರಾ?
– ಹೊನ್ನಾವರದ ಓದುಗರೊಬ್ಬರು

ಉತ್ತರ: ಎರಡನೆಯ ತಪ್ಪು ಚಿಕ್ಕದು, ಆದ್ದರಿಂದ ಅದನ್ನು ಮೊದಲು ನೋಡೋಣ. ಇಂಥ ಹಲವು ಯಂತ್ರಗಳಲ್ಲಿ ಕೆಂಪು ಗುಂಡಿಯನ್ನು ಒಮ್ಮೆ ಒತ್ತಿದರೆ ರೆಕಾರ್ಡರ್ ಸಿದ್ಧಸ್ಥಿತಿಗೆ ಬರುತ್ತದೆಯೇ ಹೊರತು ಧ್ವನಿಮುದ್ರಣ ಆರಂಭವಾಗುವುದಿಲ್ಲ. ಆಗ ದೀಪ ಮಿಟುಕುತ್ತಿರುತ್ತದೆ, ಲೆವೆಲ್ ಪಟ್ಟಿಗಳೂ ಕುಣಿಯುತ್ತಿರುತ್ತವೆ, ಹೆಡ್‌ಫೋನಿನಲ್ಲಿ ದನಿಯೂ ಕೇಳಿಸುತ್ತದೆ. ಎಲ್ಲವೂ ಸರಿಯಾಗಿದೆ ಎಂದು ನಂಬಿ ಮೋಸಹೋಗದವರು ಕಡಿಮೆ. ಅದೇ ಗುಂಡಿಯನ್ನು ಮತ್ತೊಮ್ಮೆ ಒತ್ತಿದಾಗ ದೀಪ ಸ್ಥಿರವಾಗಿ ಉರಿಯುತ್ತದೆ, ಪರದೆಯ ಮೇಲಿನ ಸೆಕೆಂಡುಗಳು ಓಡತೊಡಗುತ್ತವೆ. ದೀಪಕ್ಕಿಂತ ಆ ಓಡುವ ಸೆಕೆಂಡುಗಳನ್ನೇ ನಂಬಿರಿ. ಜೊತೆಗೆ, ಯಾವ ಯಾವ ಟ್ರ್ಯಾಕಿನಲ್ಲಿ ದಾಖಲಿಸಬೇಕೋ ಅವುಗಳ ಗುಂಡಿಗಳನ್ನು ಮೊದಲೇ ಒತ್ತಿ ಸಜ್ಜುಗೊಳಿಸಿರಬೇಕು. ಮೈಕ್ ಸಿಕ್ಕಿಸಿದ ಮಾತ್ರಕ್ಕೆ ಟ್ರ್ಯಾಕ್ ತಾನಾಗಿ ತೆರೆದುಕೊಳ್ಳುವುದಿಲ್ಲ.

ಪದ್ಯ ಒಡೆದದ್ದು ಗೇನ್, ಅಂದರೆ ಮೈಕಿನ ದನಿಯನ್ನು ಯಂತ್ರ ಹಿಗ್ಗಿಸುವ ಪ್ರಮಾಣ, ಹೆಚ್ಚಾದ್ದರಿಂದ. ಭಾಗವತರು ಶ್ರುತಿ ಹಿಡಿದು ಮೆಲ್ಲಗೆ ಗುನುಗುವಾಗ ಲೆವೆಲ್ ಹೊಂದಿಸಿದರೆ, ಅವರು ಏರುಪದ್ಯಕ್ಕೆ ಬಂದಾಗ ಪಟ್ಟಿ ಸೊನ್ನೆ ಡೆಸಿಬಲ್ ಮುಟ್ಟುತ್ತದೆ. ಡಿಜಿಟಲ್ ಯಂತ್ರದಲ್ಲಿ ಆ ಸೊನ್ನೆಯಿಂದಾಚೆಗೆ ಜಾಗವೇ ಇಲ್ಲ; ದನಿಯ ಅಲೆಯ ನೆತ್ತಿ ಕತ್ತರಿಸಿಹೋಗುತ್ತದೆ, ಅದನ್ನು ಮತ್ತೆ ಮೂಲದಂತೆ ಪಡೆಯಲಾಗುವುದಿಲ್ಲ. ಆದ್ದರಿಂದ ಆರಂಭಕ್ಕೆ ಮುನ್ನ ಭಾಗವತರಲ್ಲಿ ವಿನಂತಿಸಿ, ಅತ್ಯಂತ ಎತ್ತರದ ಸ್ವರದಲ್ಲಿ ಒಂದು ಸಾಲು ಹಾಡಿಸಿ, ಚಂಡೆ ಮದ್ದಳೆಗಳನ್ನು ಜೋರಾಗಿ ನುಡಿಸಲು ಹೇಳಿ, ಆಗಲೂ ಪಟ್ಟಿ ಮೈನಸ್ 12 ಡೆಸಿಬಲ್‌ನ ಆಸುಪಾಸಿನಲ್ಲೇ ನಿಲ್ಲುವಂತೆ ಗೇನ್ ಇಳಿಸಿಕೊಳ್ಳಿ. ದನಿ ಸಣ್ಣದಾದೀತೆಂದು ಅಂಜಬೇಕಿಲ್ಲ. ಬಿಟ್ ಎಂಬುದು ದನಿಯನ್ನು ಎಷ್ಟು ಸೂಕ್ಷ್ಮವಾಗಿ ದಾಖಲಿಸಬೇಕೆಂದು ಯಂತ್ರದಲ್ಲಿ ಆರಿಸುವ ಅಳತೆ. 16 ಬಿಟ್‌ನಲ್ಲಿ ಅತಿ ಮೆಲುದನಿಯಿಂದ ಅತಿ ಜೋರಿನವರೆಗೆ ಸಿಗುವ ವ್ಯಾಪ್ತಿ ಸೈದ್ಧಾಂತಿಕವಾಗಿ ಸುಮಾರು 96 ಡೆಸಿಬಲ್ ಆದರೆ 24 ಬಿಟ್‌ನಲ್ಲಿ ಅದು 144; ತಗ್ಗಿನ ದನಿಯನ್ನು ಆಮೇಲೆ ಕಂಪ್ಯೂಟರಿನಲ್ಲಿ ಏರಿಸಿದರಾಯಿತು. ಗೇನನ್ನು ಯಂತ್ರವೇ ಹೊಂದಿಸುವ ಸೌಲಭ್ಯವನ್ನು ಮಾತ್ರ ಖಂಡಿತವಾಗಿ ಆರಿಸಿಬಿಡಿ. ಮಾತಿನಲ್ಲೇ ಪಾತ್ರ ನಿರ್ವಹಿಸುವ ಅರ್ಥಧಾರಿಗಳು ಪೀಠಿಕೆಯ ನಡುವೆ ಒಂದು ಕ್ಷಣ ಮೌನ ತಾಳಿದರೆ ಸಾಕು, ಅದು ಗೇನ್ ಏರಿಸಿ ಹಂಚಿನ ಮೇಲಿನ ಮಳೆಯ ಸದ್ದನ್ನೆಲ್ಲ ಮುಂದಕ್ಕೆ ತಂದು ನಿಲ್ಲಿಸುತ್ತದೆ.

ಇನ್ನು ನೀವು ಕೇಳದಿದ್ದರೂ ಹೇಳಲೇಬೇಕಾದ ಮಾತೊಂದಿದೆ. ಟ್ರ್ಯಾಕ್ ಬೇರೆಯಾದರೆ ದನಿಯೂ ಬೇರೆಯಾಗುತ್ತದೆಂದು ಎಣಿಸಬೇಡಿ. ಒಂದೇ ಜಗಲಿಯಲ್ಲಿ ಕುಳಿತಾಗ ಚಂಡೆ ನಾಲ್ಕೂ ಮೈಕುಗಳೊಳಗೆ ನುಗ್ಗುತ್ತದೆ, ಅರ್ಥಧಾರಿಗಳ ಟ್ರ್ಯಾಕಿನಿಂದ ಅದನ್ನು ಆಮೇಲೆ ಹೆಕ್ಕಿ ತೆಗೆಯುವುದು ಸುಲಭವಲ್ಲ. ಹೀಗಾಗಿ ನಾನಾದರೆ ಚಂಡೆಗೆ ಮೈಕನ್ನೇ ಇಡುವುದಿಲ್ಲ; ಭಾಗವತರಿಗೆ ಒಂದು, ಮದ್ದಳೆಗೆ ಒಂದು, ಎದುರುಬದುರಾಗಿ ಕೂರುವ ಅರ್ಥಧಾರಿಗಳಿಗೆ ಎರಡು ಕೊಟ್ಟು, ಚಂಡೆಯನ್ನು ಇವೆಲ್ಲದರೊಳಗೆ ತಾನಾಗಿ ಬರಲು ಬಿಡುತ್ತೇನೆ. ಮೈಕ್ ಬಾಯಿಗೆ ಹತ್ತಿರವಾದಷ್ಟೂ ಗೇನ್ ಕಡಿಮೆ ಸಾಕು, ಸುತ್ತಲಿನ ಸದ್ದೂ ಕಡಿಮೆ. ಎರಡು ಮೈಕುಗಳ ನಡುವಿನ ಅಂತರ, ಮೈಕಿನಿಂದ ಬಾಯಿಗಿರುವ ಅಂತರದ ಮೂರು ಪಟ್ಟಾದರೂ ಇರಲಿ ಎಂಬುದು ಧ್ವನಿಮುದ್ರಕರ ಹಳೆಯ ಲೆಕ್ಕ. ಒಂದು ಗೇಣಿನಲ್ಲಿ ಮೈಕ್ ಇಟ್ಟರೆ ಪಕ್ಕದ ಮೈಕ್ ಮೂರು ಗೇಣು ಆಚೆಗಿರಬೇಕು. ಕಂಡೆನ್ಸರ್ (ಕೆಲಸ ಮಾಡಲು ವಿದ್ಯುತ್ ಬೇಕಾದ) ಮೈಕುಗಳಿದ್ದರೆ, ಮೈಕಿನ ತಂತಿಯಲ್ಲೇ ರೆಕಾರ್ಡರ್ ಕಳಿಸುವ 48 ವೋಲ್ಟಿನ ವಿದ್ಯುತ್ತನ್ನು, ಅಂದರೆ ಫ್ಯಾಂಟಮ್ ಪವರ್ ಅನ್ನು ಹಾಕಬೇಕಾಗುತ್ತದೆ. ಸಭೆಗಳಲ್ಲಿ ಕಾಣುವ ಸಾಮಾನ್ಯ ಡೈನಾಮಿಕ್ ಮೈಕುಗಳಿಗೆ ಅದು ಬೇಡ.

ಕಾರ್ಡಿನ ಲೆಕ್ಕ ಸರಳ. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಒಂದು ಟ್ರ್ಯಾಕ್ ಗಂಟೆಗೆ ಸುಮಾರು 520 ಎಂಬಿ ನುಂಗುತ್ತದೆ, ನಾಲ್ಕಕ್ಕೆ 2 ಜಿಬಿಗಿಂತ ತುಸು ಹೆಚ್ಚು. 32 ಜಿಬಿ ಕಾರ್ಡಿನಲ್ಲಿ ಇಡೀ ರಾತ್ರಿಯ ಪ್ರಸಂಗ ಹಿಡಿದು ಇನ್ನೂ ಜಾಗ ಉಳಿಯುತ್ತದೆ. ಹಳೆಯದನ್ನು ಕಂಪ್ಯೂಟರಿಗೆ ನಕಲು ಮಾಡಿಕೊಂಡ ಮೇಲೆ ಕಾರ್ಡನ್ನು ರೆಕಾರ್ಡರಿನಲ್ಲೇ ಫಾರ್ಮ್ಯಾಟ್ ಮಾಡಿ. ಸೆಲ್‌ಗಳನ್ನು ಮಾತ್ರ ನಂಬಿ ಕೂರಬೇಡಿ. ಯುಎಸ್‌ಬಿ ತೂತಿದ್ದರೆ ಪವರ್ ಬ್ಯಾಂಕ್ ಜೋಡಿಸಿ. ಕರೆಂಟ್ ಹೋಗುವ ಊರಿನಲ್ಲಿ ಗೋಡೆಯ ಪ್ಲಗ್ಗಿಗಿಂತ ಅದೇ ಮೇಲು. ನಿಲ್ಲಿಸುವ ಗುಂಡಿ ಒತ್ತಿ, ಕಡತ ಉಳಿದಿದೆಯೆಂದು ಖಚಿತವಾಗುವವರೆಗೆ ಸೆಲ್ ಆಗಲಿ ಕಾರ್ಡ್ ಆಗಲಿ ಕೀಳಬಾರದು.

ಪ್ರಶ್ನೆ: ಧ್ವನಿವರ್ಧಕದವರ ಮಿಕ್ಸರ್‌ನಿಂದಲೇ ತಂತಿ ಎಳೆದು ರೆಕಾರ್ಡರಿಗೆ ಕೊಟ್ಟೆ. ಗೇನ್ ಪೂರ್ತಿ ಇಳಿಸಿದರೂ ದನಿ ಕರಕರ ಎನ್ನುತ್ತದೆ. ಏಕೆ?
– ಬೆಂಗಳೂರಿನ ಓದುಗರೊಬ್ಬರು

ಉತ್ತರ: ಮೈಕಿನಿಂದ ಬರುವುದು ಕೆಲವೇ ಮಿಲಿವೋಲ್ಟ್, ಮಿಕ್ಸರ್‌ನಿಂದ ಹೊರಬರುವುದು ಒಂದು ವೋಲ್ಟಿನ ಆಸುಪಾಸು. ಅದನ್ನು ಮೈಕಿನ ದಾರಿಯಲ್ಲಿ ಬಿಟ್ಟರೆ ಗೇನ್ ಗುಂಡಿಯನ್ನು ತಲುಪುವ ಮೊದಲೇ ದನಿ ಕೆಟ್ಟಿರುತ್ತದೆ. ರೆಕಾರ್ಡರಿನಲ್ಲಿ ಮಿಕ್ಸರಿನಂಥ ಯಂತ್ರಗಳಿಗೆಂದೇ ಇರುವ ಲೈನ್ ಇನ್‌ಪುಟ್ ಬಳಸಿ, ಇಲ್ಲವೇ ಒಳಬರುವ ದನಿಯನ್ನು ತಗ್ಗಿಸುವ ಪ್ಯಾಡ್ ಎಂಬ ಸ್ವಿಚ್ ಹಾಕಿ. ಆ ದಾರಿಯ ಫ್ಯಾಂಟಮ್ ಪವರ್ ಆರಿರಲಿ. ಮಿಕ್ಸರಿನಲ್ಲಿರುವುದು ಸಭಾಂಗಣಕ್ಕೆ ಬೇಕಾದ ಹದವೇ ಹೊರತು ದಾಖಲೆಗೆ ಬೇಕಾದ ಹದವಲ್ಲ ಎಂಬುದೂ ನೆನಪಿರಲಿ. ಮೈಕಿಲ್ಲದೆಯೇ ಇಡೀ ಸಭೆಗೆ ಕೇಳಿಸುವ ಚಂಡೆ ಅದರಲ್ಲಿ ಇರುವುದೇ ಅಪರೂಪ.

ಪ್ರಶ್ನೆ: ನಾನೊಬ್ಬಳೇ ಹಾರ್ಮೋನಿಯಂ ನುಡಿಸಿ, ಆಮೇಲೆ ಅದರ ಮೇಲೆ ಹಾಡಿ, ಎರಡನ್ನೂ ಸೇರಿಸಬಹುದೇ?
– ಧಾರವಾಡದ ಓದುಗರೊಬ್ಬರು

ಉತ್ತರ: ಧಾರಾಳವಾಗಿ. 1979ರಲ್ಲಿ ಬಂದ ಟಾಸ್ಕಾಮ್ ಕಂಪನಿಯ ಪೋರ್ಟಾಸ್ಟುಡಿಯೊ 144, ಮನೆಯಲ್ಲೇ ಕುಳಿತು ಸಾಧಾರಣ ಕ್ಯಾಸೆಟ್ಟಿನ ಮೇಲೆ ಇದನ್ನೇ ಮಾಡಲು ಹುಟ್ಟಿದ ಯಂತ್ರ. ಇಂದಿನ ರೆಕಾರ್ಡರ್‌ಗಳಲ್ಲಿ ಈ ಕ್ರಮಕ್ಕೆ ಓವರ್‌ಡಬ್ ಎನ್ನುತ್ತಾರೆ, ಆದರೆ ಎಲ್ಲ ಮಾದರಿಗಳಲ್ಲೂ ಅದು ಇರುವುದಿಲ್ಲವಾದ್ದರಿಂದ ಕೊಳ್ಳುವ ಮುನ್ನ ಕೇಳಿ ತಿಳಿಯಿರಿ. ಮೊದಲನೆಯ ಟ್ರ್ಯಾಕಿನಲ್ಲಿ ಹಾರ್ಮೋನಿಯಂ ದಾಖಲಿಸಿ. ಪಲ್ಲವಿ ಎಲ್ಲಿಂದ ಎತ್ತಿಕೊಳ್ಳಬೇಕೆಂದು ಆಮೇಲೆ ಗೊತ್ತಾಗುವಂತೆ, ಆರಂಭಕ್ಕೆ ಮುನ್ನ ಒಂದು ಆವರ್ತ ತಾಳ ಹಾಕಿ. ನಂತರ ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಎರಡನೆಯ ಟ್ರ್ಯಾಕಿನಲ್ಲಿ ಹಾಡಿ. ಸ್ಪೀಕರಿನಲ್ಲಿ ಕೇಳಿದರೆ ಹಾರ್ಮೋನಿಯಂ ನಿಮ್ಮ ಹಾಡಿನ ಮೈಕಿನೊಳಗೂ ಸೇರುತ್ತದೆ. ಹಾಡುವ ಮುನ್ನ ಮೊದಲನೆಯ ಟ್ರ್ಯಾಕಿನ ಕೆಂಪು ದೀಪ ಆರಿದೆಯೇ ಎಂದು ನೋಡಿ. ಅದು ಉರಿಯುತ್ತಿದ್ದರೆ ಕೆಲವು ಯಂತ್ರಗಳು ಹಾರ್ಮೋನಿಯಂ ಅಳಿಸಿ ಅದರ ಮೇಲೆಯೇ ಬರೆಯುತ್ತವೆ.