ಪೆಟ್ಟು ತಿಂದರೆ ಭಯ ಹೋಗುತ್ತಾ?

ಪ್ರಶ್ನೆ: ನನ್ನ ಮಗಳಿಗೆ 12 ವರ್ಷ. ಕರಾಟೆಯಲ್ಲಿ ಕಟಾ (ಒಬ್ಬರೇ ಕ್ರಮವಾಗಿ ಮಾಡುವ ವರಸೆಗಳು) ಚೆನ್ನಾಗಿ ಮಾಡುತ್ತಾಳೆ. ಕುಮಿತೆ (ಎದುರಾಳಿ ಜೊತೆ ಆಡುವುದು) ಶುರುವಾದ ಮೇಲೆ ಕಷ್ಟವಾಗಿದೆ. ಎದುರಿನವಳು ಕೈ ಎತ್ತಿದರೆ ಸಾಕು, ಕಣ್ಣು ಮುಚ್ಚಿಕೊಂಡು ಹಿಂದೆ ಹಿಂದೆ ಹೋಗುತ್ತಾಳೆ. ಮೊನ್ನೆ ಮೂಗಿಗೆ ಏಟು ಬಿದ್ದು ರಕ್ತ ಬಂತು. ‘ನಾಲ್ಕು ಪೆಟ್ಟು ತಿಂದರೆ ಭಯ ತಾನಾಗೇ ಹೋಗುತ್ತೆ’ ಅನ್ನುತ್ತಾರೆ ಅವಳ ಸರ್. ಬಿಡಿಸಿಬಿಡಲೇ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಕರಾಟೆ ಬಿಡಿಸಬೇಡಿ. ಆ ಮಾತನ್ನು ಮಾತ್ರ ನಂಬಬೇಡಿ. ಪೆಟ್ಟು ತಿಂದು ಭಯ ಹೋದವರಿಗಿಂತ ಕ್ಲಾಸೇ ಬಿಟ್ಟು ಹೋದವರನ್ನು ನಾನು ಜಾಸ್ತಿ ನೋಡಿದ್ದೇನೆ.

ಮುಖದ ಹತ್ತಿರ ಏನಾದರೂ ಬಂದರೆ ಯಾರಿಗಾದರೂ ಕಣ್ಣು ಮುಚ್ಚುತ್ತೆ. ಹುಡುಗಿ ಅಂಜುಬುರುಕಿ ಅಂತಲ್ಲ. ಇದನ್ನು ಮೆಲ್ಲಗೆ ಪಳಗಿಸಬೇಕು. ಮೊದಲು ಗೊಹೊನ್ ಕುಮಿತೆ: ಒಬ್ಬರು ಐದು ಹೆಜ್ಜೆ ಹೊಡೆಯುತ್ತಾ ಬರುತ್ತಾರೆ, ಇನ್ನೊಬ್ಬರು ತಡೆಯುತ್ತಾ ಹೋಗಿ ಕೊನೆಗೆ ಒಂದು ತಿರುಗೇಟು ಕೊಡುತ್ತಾರೆ. ಆಮೇಲೆ ಇಪ್ಪೊನ್ ಕುಮಿತೆ: ‘ಜೋದಾನ್’ (ಅಂದರೆ ಮುಖದ ಮಟ್ಟಕ್ಕೆ) ಅಂತ ಹೇಳಿಯೇ ಮುಖಕ್ಕೆ ಒಂದು ಪಂಚ್. ಇವು ಕೈಗೆ ಹತ್ತಿದ ಮೇಲೆ ಫ್ರೀ ಸ್ಪಾರಿಂಗ್, ಅಂದರೆ ಮೊದಲೇ ಹೇಳದೆ ಆಡುವುದು. ಎಷ್ಟೋ ಕಡೆ ಟೂರ್ನಮೆಂಟ್ ಹತ್ತಿರ ಬಂತು ಅಂದರೆ ನಡುವಿನದೆಲ್ಲ ಹಾರಿಸಿ, ಮಕ್ಕಳಿಗೆ ಗ್ಲೌಸ್ ಹಾಕಿ ನಿಲ್ಲಿಸಿಬಿಡುತ್ತಾರೆ.

ಮಗಳಿಗೆ ಈ ಅಭ್ಯಾಸ ಮಾಡಿಸಿ. ಜೊತೆಗಾತಿ ನಿಧಾನವಾಗಿ ಪಂಚ್ ಹಾಕಿ, ಮುಖಕ್ಕೆ ಒಂದು ಗೇಣು ಇರುವಾಗಲೇ ನಿಲ್ಲಿಸಲಿ. ಇವಳು ತಡೆಯುವುದೂ ಬೇಡ, ಸುಮ್ನೆ ನೋಡುತ್ತಾ ಉಸಿರು ಬಿಡಲಿ. ಮುಷ್ಟಿಯನ್ನಲ್ಲ, ಎದೆ ಮೇಲ್ಭಾಗವನ್ನು ನೋಡಬೇಕು. ಮುಷ್ಟಿಗಿಂತ ಮೊದಲು ಭುಜ ಅಲ್ಲಾಡುತ್ತೆ. ಕಣ್ಣು ತೆರೆದೇ ಇರುವಷ್ಟು ರೂಢಿಯಾದರೆ ಪಕ್ಕಕ್ಕೆ ಅರ್ಧ ಹೆಜ್ಜೆ ಕಲಿಸಿ. ನೇರ ಹಿಂದಕ್ಕೆ ಹೋಗುವವರು ಮುಂದೆ ನುಗ್ಗುವವರಿಂದ ತಪ್ಪಿಸಿಕೊಳ್ಳುವುದು ಕಷ್ಟ. ಮ್ಯಾಟಿನ ಗೆರೆ ದಾಟಿದರೆ ಎಚ್ಚರಿಕೆ ಬೇರೆ.

ಇನ್ನು ಆ ಏಟಿನ ವಿಷಯ. ವಿಶ್ವ ಕರಾಟೆ ಫೆಡರೇಷನ್ ನಿಯಮದಲ್ಲಿ 14ರ ಒಳಗಿನವರ ಮುಖಕ್ಕೆ ಕೈ ತಾಗಿದರೇ ತಪ್ಪು. ದೊಡ್ಡವರಿಗೂ ಹತೋಟಿ ಬೇಕೇ ಬೇಕು. 2021ರ ಆಗಸ್ಟ್ 7ರಂದು ಟೋಕಿಯೊ ಒಲಿಂಪಿಕ್ಸ್‌ನ 75 ಕೆಜಿ ಮೇಲಿನವರ ಫೈನಲ್‌ನಲ್ಲಿ ಸೌದಿಯ ತಾರೆಗ್ ಹಮೇದಿ 4-1ರಿಂದ ಮುಂದಿದ್ದರು. ಅವರ ಕಿಕ್ ತಲೆಗೆ ಬಿದ್ದು ಇರಾನಿನ ಸಜ್ಜಾದ್ ಗಂಜ್‌ಜಾದೆ ಪ್ರಜ್ಞೆ ತಪ್ಪಿದರು. ಜೋರಾಗಿ ಹೊಡೆದಿದ್ದಕ್ಕೆ ಹಮೇದಿ ಅನರ್ಹರಾದರು. ಸ್ಟ್ರೆಚರ್ ಮೇಲೆ ಹೋದವರಿಗೆ ಚಿನ್ನ!

ಸರ್ ಹತ್ತಿರ ನೇರವಾಗಿ ಕೇಳಿ: ಯಾರ ಜೊತೆ ಜೋಡಿ ಮಾಡುತ್ತೀರಿ, ಮುಖದ ಮಾಸ್ಕ್ ಇದೆಯಾ, ಜೋರಾಗಿ ಹೊಡೆದವರನ್ನು ನಿಲ್ಲಿಸುತ್ತೀರಾ? ನಕ್ಕು ತಳ್ಳಿಹಾಕಿದರೆ ಬೇರೆ ಕ್ಲಾಸ್ ನೋಡಿ. ಮತ್ತೆ ಮೂಗಲ್ಲಿ ರಕ್ತ ಬಂದರೆ ತಲೆ ಹಿಂದಕ್ಕೆ ಬಾಗಿಸಬೇಡಿ. ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗವನ್ನು 10 ನಿಮಿಷ ಬಿಡದೆ ಹಿಡಿಯಿರಿ. ತಲೆಸುತ್ತು, ವಾಂತಿ ಇದ್ದರೆ ಡಾಕ್ಟರ್ ಹತ್ತಿರ ಹೋಗಿ.

ಪ್ರಶ್ನೆ: ಗಮ್ ಶೀಲ್ಡ್ (ಹಲ್ಲಿಗೆ ಏಟು ಬೀಳದಂತೆ ಬಾಯಲ್ಲಿ ಹಾಕುವ ಕವಚ) ಹಾಕಿಕೊಂಡರೆ ವಾಂತಿ ಬಂದ ಹಾಗಾಗುತ್ತೆ. ಹಾಕದೇ ಆಡಬಹುದೇ?
– ಕಾಲೇಜು ಹುಡುಗ, ಹಾಸನ

ಉತ್ತರ: ಬೇಡಪ್ಪಾ, ಹಲ್ಲು ಮತ್ತೆ ಹುಟ್ಟಲ್ಲ. ಬಿಸಿನೀರಲ್ಲಿ ಮೆತ್ತಗೆ ಮಾಡಿ ಕಚ್ಚುವ ಬಗೆಯದ್ದು ತಗೋ. ಹಿಂದಿನ ತುದಿ ಅಂಗುಳಕ್ಕೆ ತಾಗುತ್ತಿದ್ದರೆ ಕತ್ತರಿಯಲ್ಲಿ ಸ್ವಲ್ಪ ಕತ್ತರಿಸು. ಮನೆಯಲ್ಲಿ ಟಿವಿ ನೋಡುವಾಗ ಹಾಕಿಕೊಂಡು ರೂಢಿ ಮಾಡಿಕೋ. ಹಲ್ಲಿಗೆ ಕ್ಲಿಪ್ ಇದ್ದರೆ ಮಾತ್ರ ಮೊದಲು ಹಲ್ಲಿನ ಡಾಕ್ಟರನ್ನು ಕೇಳು.