ರಷ್ಯಾದ ರಾಜಕುಮಾರ ಅಲೆಕ್ಸಿ ಸೆರೆಯಲ್ಲಿದ್ದಾಗ ಹಿಮೋಫಿಲಿಯಾ ಜೊತೆ ಹೇಗೆ ದಿನ ದೂಡಿದ?

ಹಿಮೋಫಿಲಿಯಾ ಅಂದರೆ ಸಣ್ಣ ಗೀರಾದರೂ ರಕ್ತ ಸುರಿದು ಪ್ರಾಣ ಹೋಗುತ್ತದೆ ಅಂತ ಅಂದುಕೊಳ್ಳುತ್ತೇವೆ, ಅಲ್ವಾ? ಹಾಗೇನಿಲ್ಲ. ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ, ಅಷ್ಟೇ. ಜಾಸ್ತಿ ಕಾಟ ಒಳಗಿನ ರಕ್ತಸ್ರಾವದ್ದು. ಮಂಡಿಗೆ ಏಟು ಬಿದ್ದರೆ ಕೀಲಿನೊಳಗೆ ರಕ್ತ ತುಂಬಿ ಊದಿಕೊಳ್ಳುತ್ತದೆ. ಮಡಚಿದ ಕಾಲು ನೆಟ್ಟಗಾಗುವುದೇ ಇಲ್ಲ. ಅಲೆಕ್ಸಿಗಿದ್ದದ್ದು ಹಿಮೋಫಿಲಿಯಾ ಬಿ ಅನ್ನೋ ಬಗೆ ಅಂತ 2009ರ ಡಿಎನ್‌ಎ ಪರೀಕ್ಷೆ ಹೇಳಿತು. ಅವನ ಕಾಲದಲ್ಲಿ ಇದಕ್ಕೆ ಮದ್ದೇ ಇರಲಿಲ್ಲ.

1917ರ ಕ್ರಾಂತಿಯಲ್ಲಿ ಅಪ್ಪ, ರಷ್ಯಾದ ದೊರೆ ಎರಡನೇ ನಿಕೊಲಸ್, ಪಟ್ಟ ಕಳೆದುಕೊಂಡು ಸೆರೆಯಾಗಿದ್ದ. ಆ ವರ್ಷದ ಆಗಸ್ಟ್‌ನಲ್ಲಿ ಕುಟುಂಬವನ್ನು ಸೈಬೀರಿಯಾದ ತೊಬೊಲ್ಸ್ಕ್‌ಗೆ ಒಯ್ದರು. ಅಲ್ಲಿ ಪರವಾಗಿರಲಿಲ್ಲ. ಪಾಠ, ಅಪ್ಪನ ಜೊತೆ ಸೌದೆ ಕೊಯ್ಯುವುದು, ಚಳಿಗಾಲದಲ್ಲಿ ಅಂಗಳದಲ್ಲೇ ಕಟ್ಟಿದ ಹಿಮದ ದಿಬ್ಬದಿಂದ ಜಾರುವುದು. ಸೈನಿಕರು ಆ ದಿಬ್ಬವನ್ನೂ ಒಡೆದುಹಾಕಿದರು.

1918ರ ಏಪ್ರಿಲ್‌ನಲ್ಲಿ ತೊಡೆಸಂದಿಯಲ್ಲಿ ರಕ್ತಸ್ರಾವವಾಗಿ ಮಲಗಿಬಿಟ್ಟ. ಅದೇ ಹೊತ್ತಿಗೆ ತಂದೆಯನ್ನು ಬೇರೆಡೆಗೆ ಒಯ್ಯುವ ಆದೇಶ ಬಂತು. ಗಂಡನ ಜೊತೆ ಹೋಗಲೋ, ನರಳುವ ಮಗನ ಹತ್ತಿರ ಇರಲೋ? ತಾಯಿ ಗಂಡನ ಜೊತೆ ಹೋದಳು. ಅವಳನ್ನು ದೂರುವುದು ಸುಲಭ, ನನಗಂತೂ ಮನಸ್ಸು ಬರುವುದಿಲ್ಲ.

ಮೇ ತಿಂಗಳಲ್ಲಿ ಅವನೂ ಅಪ್ಪ ಅಮ್ಮನನ್ನು ಇಟ್ಟಿದ್ದ ಯೆಕಟೆರಿನ್‌ಬರ್ಗ್ ಊರಿನ ಇಪಟಿಯೆವ್ ಮನೆ ಸೇರಿದ. ಬಂದ ರಾತ್ರಿಯೇ ಮಂಡಿಗೆ ಏಟಾಯಿತು. ಅವನನ್ನು ನೋಡಿಕೊಳ್ಳುತ್ತಿದ್ದ ನಾವಿಕ ನಾಗೊರ್ನಿಯನ್ನು ಕೆಲವೇ ದಿನಗಳಲ್ಲಿ ಹಿಡಿದೊಯ್ದು, ಆಮೇಲೆ ಕೊಂದರು. ಕಿಟಕಿ ಗಾಜಿಗೆ ಸುಣ್ಣ ಬಳಿದಿದ್ದರಿಂದ ಹೊರಗೇನೂ ಕಾಣುತ್ತಿರಲಿಲ್ಲ. ಅಂಗಳಕ್ಕೆ ಎತ್ತಿಕೊಂಡು ಹೋಗಬೇಕಿತ್ತು, ಇಲ್ಲವೇ ಗಾಲಿಕುರ್ಚಿ. ಆಟಕ್ಕೆ ಅಡುಗೆಮನೆಯ ಹುಡುಗ ಸೆಡ್ನೆವ್ ಒಬ್ಬನೇ.

ಜುಲೈ 16ರಂದು ಆ ಹುಡುಗನನ್ನೂ ಹೊರಗೆ ಕಳಿಸಿದರು. ಅದೇ ನಡುರಾತ್ರಿ ಕಳೆದ ಮೇಲೆ ಅಪ್ಪ ಮಗನನ್ನು ಎತ್ತಿಕೊಂಡೇ ನೆಲಮಾಳಿಗೆಗೆ ಇಳಿದ. ಅಲ್ಲೇ ಇಡೀ ಕುಟುಂಬವನ್ನು ಕೊಂದರು. ಅಲೆಕ್ಸಿಗೆ 14 ತುಂಬಲು ಕೆಲವೇ ವಾರ ಬಾಕಿ ಇತ್ತು.